ಅರಮನೆಯೂ ಪರಲೋಕವೂ

ಕಾಣದುದನ್ನು ಕಂಡುದರ ಮೂಲಕ ಹೇಳುವುದು ಮನುಷ್ಯನ ಸ್ವಭಾವ. ದೇವರ ಮಹಿಮೆಯನ್ನು ವರ್ಣಿಸಬೇಕಾದಾಗ ಅವನ ಕಣ್ಣಿಗೆ ಬಿದ್ದ ಅತ್ಯಂತ ಭವ್ಯವಾದ ವಸ್ತು ಅರಸನ ಸಭೆಯೇ ಆಗಿದ್ದಿತು. ನಮ್ಮ ದೇವಾಲಯಗಳಲ್ಲಿ ದೇವರಿಗೆ ಛತ್ರ, ಚಾಮರ, ಪಲ್ಲಕ್ಕಿ ಮೊದಲಾದ ರಾಜೋಪಚಾರಗಳು ಸಲ್ಲುವುದನ್ನು ಕಂಡಿರುವ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಆದರೆ ಕ್ರೈಸ್ತಧರ್ಮದಲ್ಲಿ ಈ ಹೋಲಿಕೆಗೆ ಒಂದು ವಿಶೇಷವಾದ ತೊಡಕು ಉಂಟು. ಆ ಧರ್ಮದವರು ಆರಾಧಿಸುವ ಯೇಸುಕ್ರಿಸ್ತನು ದನದ ಗೋದಲಿಯಲ್ಲಿ ಮಲಗಿದ್ದವನು; ರೋಮಿನ ಅಧಿಕಾರಿಯ ಮುಂದೆ ಅಪರಾಧಿಯಂತೆ ನಿಂತವನು. ಸೈನಿಕರು ಅವನಿಗೆ ರಾಜಚಿಹ್ನೆಯಾದ ನೇರಳೆ ಬಣ್ಣದ ವಸ್ತ್ರವನ್ನು ಹೊದಿಸಿ, ಮುಳ್ಳಿನ ಕಿರೀಟವನ್ನು ತಲೆಗಿಟ್ಟು, ಮೊಣಕಾಲೂರಿ ವಂದಿಸಿದುದು ಕೇವಲ ಪರಿಹಾಸ್ಯಕ್ಕಾಗಿ. ಅರಸುತನದ ಲಾಂಛನಗಳೆಲ್ಲ ಹೀಗೆ ಹಾಸ್ಯದ ಸಾಧನಗಳಾದ ಮೇಲೆ, ಅದೇ ಧರ್ಮವು ಪರಲೋಕವನ್ನು ರತ್ನಖಚಿತವಾದ ರಾಜಸಭೆಯೆಂದು ಚಿತ್ರಿಸಿದುದು ಹೇಗೆ? ಹಾಗೆ ಚಿತ್ರಿಸಿದುದರಿಂದ ಭೂಮಿಯ ಅರಸರಿಗೆ ದೊರೆತ ಬಲವೇನು? ಅವರ ಮೇಲೆ ಬಿದ್ದ ಹೊಣೆಯೇನು?

ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವವರು ಕಾನ್‌ಸ್ಟಾಂಟಿನೋಪಲ್ ನಗರದ ಚರಿತ್ರೆಯನ್ನು ನೋಡಬೇಕು. ಕ್ರಿ. ಶ. ೩೩೦ರಿಂದ ೧೪೫೩ರ ವರೆಗೆ, ನಡುವಣ ಕೆಲವು ವರ್ಷಗಳನ್ನು ಬಿಟ್ಟರೆ, ಅದು ತಮ್ಮನ್ನು ರೋಮನರೆಂದೇ ಕರೆದುಕೊಳ್ಳುತ್ತಿದ್ದ ಪೂರ್ವದ ಕ್ರೈಸ್ತ ಚಕ್ರವರ್ತಿಗಳ ರಾಜಧಾನಿಯಾಗಿದ್ದಿತು. ಅರಮನೆಯನ್ನೂ ಪರಲೋಕವನ್ನೂ ಅಷ್ಟು ಸಮೀಪದಲ್ಲಿ ಇಟ್ಟು ನೋಡಿದ ಬೇರೊಂದು ಪಟ್ಟಣವು ಕ್ರೈಸ್ತಲೋಕದಲ್ಲಿ ಸಿಕ್ಕುವುದು ದುರ್ಲಭ.

ಮೊದಲು ಶಾಸ್ತ್ರದ ಮಾತನ್ನು ನೋಡೋಣ. ಹೊಸ ಒಡಂಬಡಿಕೆಯಲ್ಲಿ ಈ ವಿಷಯವಾಗಿ ಎರಡು ದನಿಗಳು ಕೇಳಿಸುವುವು. ಮತ್ತಾಯನ ಸುವಾರ್ತೆಯಲ್ಲಿ ಯೇಸು ಹೊಲದ ಹೂವುಗಳನ್ನು ತೋರಿಸಿ, ಸೊಲೊಮೋನ ಅರಸನ ಸಮಸ್ತ ವೈಭವವೂ ಅವುಗಳ ಅಂದಕ್ಕೆ ಸಾಟಿಯಾಗದೆಂದು ಶಿಷ್ಯರಿಗೆ ಬೋಧಿಸುತ್ತಾನೆ. ಅದೇ ಒಡಂಬಡಿಕೆಯ ಕೊನೆಯ ಗ್ರಂಥವಾದ ಯೋಹಾನನ ಪ್ರಕಟನೆಯಲ್ಲಿಯಾದರೋ ಪರಲೋಕವು ಸಿಂಹಾಸನವುಳ್ಳ ಸಭಾಮಂಟಪವಾಗಿ ಕಾಣಿಸುತ್ತದೆ. ಸಿಂಹಾಸನದ ಸುತ್ತ ಚಿನ್ನದ ಕಿರೀಟಗಳನ್ನು ಧರಿಸಿದ ಇಪ್ಪತ್ತನಾಲ್ಕು ಮಂದಿ ಹಿರಿಯರು ಕುಳಿತಿದ್ದಾರೆ. ಮುಂದೆ ಇಳಿದು ಬರುವ ಹೊಸ ಯೆರೂಸಲೇಮಿಗೆ ರತ್ನಗಳ ಅಸ್ತಿವಾರ, ಮುತ್ತಿನ ಹನ್ನೆರಡು ಬಾಗಿಲು, ಚಿನ್ನದ ಬೀದಿ. ಆದರೆ ಇದೇ ಗ್ರಂಥದಲ್ಲಿ ನಾಶಕ್ಕೆ ಗುರಿಯಾದ ಬಾಬೆಲೆಂಬ ಪಾಪಿಷ್ಠ ಸ್ತ್ರೀಯೂ ನೇರಳೆ ವಸ್ತ್ರವನ್ನುಟ್ಟು, ಚಿನ್ನ ರತ್ನ ಮುತ್ತುಗಳಿಂದಲೇ ಅಲಂಕೃತಳಾಗಿದ್ದಾಳೆ. ಪರಿಶುದ್ಧ ನಗರಕ್ಕೂ ಪಾಪದ ನಗರಕ್ಕೂ ಚಿನ್ನ ಒಂದೇ! ಹಾಗಾದರೆ ಇವೆರಡಕ್ಕೂ ಭೇದವೆಲ್ಲಿ? ಹಿರಿಯರು ತಮ್ಮ ಕಿರೀಟಗಳನ್ನು ತೆಗೆದು ಸಿಂಹಾಸನದ ಮುಂದೆ ಇಡುತ್ತಾರೆ. ಭೂಮಿಯ ಅರಸರು ತಮ್ಮ ವೈಭವವನ್ನು ಪರಿಶುದ್ಧ ನಗರದೊಳಕ್ಕೆ ತಂದೊಪ್ಪಿಸುತ್ತಾರೆ. ಬಾಬೆಲಾದರೋ ಅದೆಲ್ಲವನ್ನೂ ತನಗಾಗಿ ಧರಿಸಿಕೊಂಡಿದ್ದಾಳೆ. ಮುಂದಿನ ಸಾವಿರ ವರ್ಷಗಳ ಕಥೆಯು ಈ ಭೇದದ ಸುತ್ತಲೇ ನಡೆಯಿತೆಂದು ಹೇಳಬಹುದು.

ಕ್ರೈಸ್ತರಿಗೆ ರಾಜವೈಭವದ ನೇರವಾದ ಪರಿಚಯವಾದುದು ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಾಲದಲ್ಲಿ. ಅದಕ್ಕೆ ಹಿಂದಣ ತಲೆಮಾರಿನಲ್ಲಿ ಡಯೊಕ್ಲೀಷಿಯನ್ ಚಕ್ರವರ್ತಿಯ ಆಜ್ಞೆಯಂತೆ ಕ್ರೈಸ್ತರ ಮಂದಿರಗಳು ನೆಲಸಮವಾಗಿ, ಗ್ರಂಥಗಳು ಬೆಂಕಿಗೆ ಬಿದ್ದಿದ್ದವು. ಕ್ರಿ. ಶ. ೩೧೩ರಲ್ಲಿ ಆ ಹಿಂಸೆಗೆ ಕೊನೆಗಂಡಿತು. ೩೨೫ರಲ್ಲಿ ಕಾನ್‌ಸ್ಟಂಟೈನನು ನೈಸಿಯ ಪಟ್ಟಣದಲ್ಲಿ ಬಿಷಪ್ಪರ ಮಹಾಸಭೆಯನ್ನು ಸೇರಿಸಿದನು. ಸಭೆಯಲ್ಲಿದ್ದ ಸೀಸರಿಯದ ಬಿಷಪ್ಪ ಯೂಸೀಬಿಯಸನು ಚಕ್ರವರ್ತಿಯ ಪ್ರವೇಶವನ್ನು ವರ್ಣಿಸುತ್ತ, ನೇರಳೆ ವಸ್ತ್ರವೂ ಚಿನ್ನವೂ ರತ್ನಗಳೂ ಬೆಳಗುತ್ತಿದ್ದ ಆ ಮೂರ್ತಿಯನ್ನು ದೇವದೂತನಿಗೆ ಹೋಲಿಸಿರುವನು. ಆ ವರ್ಷವೇ ಪಟ್ಟಾಭಿಷೇಕದ ಇಪ್ಪತ್ತನೆಯ ವರ್ಷದ ಉತ್ಸವವೂ ನಡೆಯಿತು. ಚಕ್ರವರ್ತಿಯು ಬಿಷಪ್ಪರಿಗೆ ಅರಮನೆಯಲ್ಲಿ ಔತಣವನ್ನು ಕೊಟ್ಟನು. ಬಾಗಿಲಲ್ಲಿ ಒರೆಯಿಂದ ಹಿರಿದ ಕತ್ತಿಗಳನ್ನು ಹಿಡಿದು ಕಾವಲುಗಾರರು ನಿಂತಿದ್ದರು. ಬಿಷಪ್ಪರು ಅವರ ನಡುವೆ ಅಂಜಿಕೆಯಿಲ್ಲದೆ ಒಳಗೆ ಹೋಗಿ ಚಕ್ರವರ್ತಿಯ ಪಂಕ್ತಿಯಲ್ಲಿ ಕುಳಿತರು. ಇದನ್ನು ಕಂಡವರಿಗೆ ಕ್ರಿಸ್ತನ ರಾಜ್ಯದ ಚಿತ್ರವೇ ಕಣ್ಣಮುಂದೆ ಬಂದಂತಾಯಿತೆಂದೂ, ಎಲ್ಲವೂ ಕನಸಿನಂತೆ ತೋರಿತೆಂದೂ ಯೂಸೀಬಿಯಸನು ಬರೆದಿರುವನು.

ಈ ಮಾತನ್ನು ಬರಿಯ ಮುಖಸ್ತುತಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅಲ್ಲಿ ನೆರೆದಿದ್ದ ಬಿಷಪ್ಪರಲ್ಲಿ ಹಿಂದಿನ ಹಿಂಸೆಯಲ್ಲಿ ಅಂಗಹೀನರಾದವರೂ ಇದ್ದರೆಂದು ಮುಂದಿನ ಇತಿಹಾಸಕಾರರು ಹೇಳುತ್ತಾರೆ. ಈಜಿಪ್ಟಿನ ಪಫ್ನೂಷಿಯಸನ ಒಂದು ಕಣ್ಣನ್ನು ಕೀಳಿಸಿದ್ದರೆಂದೂ, ಚಕ್ರವರ್ತಿಯು ಆ ಕುರುಡುಗಣ್ಣಿನ ಗುಳಿಗೆ ಮುತ್ತಿಡುತ್ತಿದ್ದನೆಂದೂ ಐತಿಹ್ಯ. ಯಾವ ಕತ್ತಿಗಳು ತಮ್ಮವರನ್ನು ಕೊಂದಿದ್ದವೋ ಅವೇ ಕತ್ತಿಗಳು ಈಗ ಗೌರವಕ್ಕಾಗಿ ನಿಂತುದನ್ನು ಕಂಡವರಿಗೆ ಪರಲೋಕದ ನೆನಪಾದುದರಲ್ಲಿ ಆಶ್ಚರ್ಯವೇನು? ಆದರೆ ಕ್ಷಣಕಾಲದ ಆನಂದದಲ್ಲಿ ಹುಟ್ಟಿದ ಹೋಲಿಕೆಯು ಬಲುಬೇಗನೆ ರಾಜನೀತಿಯ ಸಿದ್ಧಾಂತವಾಗಿ ಪರಿಣಮಿಸಿತು. ೩೩೬ರಲ್ಲಿ, ಪಟ್ಟಾಭಿಷೇಕದ ಮೂವತ್ತನೆಯ ವರ್ಷದ ಉತ್ಸವದಲ್ಲಿ, ಯೂಸೀಬಿಯಸನು ಚಕ್ರವರ್ತಿಯ ಸಮ್ಮುಖದಲ್ಲಿ ಮಾಡಿದ ಭಾಷಣದ ತಾತ್ಪರ್ಯವಿದು: ಪರಲೋಕದಲ್ಲಿ ಒಬ್ಬನೇ ದೇವರು, ಅದರ ಪ್ರತಿಬಿಂಬವಾಗಿ ಭೂಮಿಯಲ್ಲಿ ಒಬ್ಬನೇ ಚಕ್ರವರ್ತಿ. ಮೊದಲು ಅರಮನೆಯನ್ನು ನೋಡಿ ಪರಲೋಕವನ್ನು ನೆನೆದರು. ಈಗ ಪರಲೋಕವನ್ನು ತೋರಿಸಿ ಅರಮನೆಯನ್ನು ಸಮರ್ಥಿಸಲು ತೊಡಗಿದರು. ಹೋಲಿಕೆಯು ದಿಕ್ಕು ಬದಲಿಸಿದುದು ಇಲ್ಲಿಯೇ.

ಇದಕ್ಕೆ ಎದುರು ನಿಂತವರೂ ಇದ್ದರು. ೩೯೦ರಲ್ಲಿ ಥೆಸಲೊನೈಕ ಪಟ್ಟಣದ ಜನರು ದಂಗೆಯೆದ್ದು ಸೇನಾಧಿಕಾರಿಯೊಬ್ಬನನ್ನು ಕೊಂದಾಗ, ಥಿಯೊಡೋಷಿಯಸ್ ಚಕ್ರವರ್ತಿಯ ಸೈನ್ಯವು ಆ ಊರಿನವರನ್ನು ವಿವೇಚನೆಯಿಲ್ಲದೆ ಸಂಹರಿಸಿತು. ಸತ್ತವರು ಏಳು ಸಾವಿರವೆಂದು ಥಿಯೊಡೊರೆಟ್ ಎಂಬ ಇತಿಹಾಸಕಾರನು ಬರೆದಿರುವನು. ಮಿಲಾನಿನ ಬಿಷಪ್ಪ ಆಂಬ್ರೋಸನು ಚಕ್ರವರ್ತಿಗೆ ಪತ್ರವನ್ನು ಬರೆದು, ಪ್ರಾಯಶ್ಚಿತ್ತವಾಗುವ ತನಕ ಅವನ ಸಮಕ್ಷಮದಲ್ಲಿ ತಾನು ಪೂಜೆಯನ್ನು ನಡೆಸಲಾರೆನೆಂದು ತಿಳಿಸಿದನು. ಲೋಕವನ್ನು ಆಳುವ ಚಕ್ರವರ್ತಿಯು ರಾಜಚಿಹ್ನೆಗಳನ್ನು ತೆಗೆದಿಟ್ಟು ಜನರ ಕಣ್ಣಮುಂದೆ ಪಶ್ಚಾತ್ತಾಪವನ್ನು ಆಚರಿಸಿದನು. ಕೆಲವು ವರ್ಷಗಳ ಮೇಲೆ, ೩೯೮ರಲ್ಲಿ, ಕಾನ್‌ಸ್ಟಾಂಟಿನೋಪಲಿನ ಧರ್ಮಪೀಠವನ್ನೇರಿದ ಜಾನ್ ಕ್ರಿಸಾಸ್ಟಮನು ಮಹಾವಾಗ್ಮಿ. ಪರಲೋಕದ ವೈಭವವನ್ನು ವರ್ಣಿಸುವಾಗ ಅವನೂ ಅರಸನ ಮೆರವಣಿಗೆಯ ಉಪಮಾನವನ್ನು ಧಾರಾಳವಾಗಿ ಉಪಯೋಗಿಸುತ್ತಿದ್ದನು. ಆದರೆ ಮತ್ತಾಯನ ಸುವಾರ್ತೆಯ ಮೇಲಣ ಉಪನ್ಯಾಸವೊಂದರಲ್ಲಿ, ಬೀದಿಯ ಬಡವನ ರೂಪದಲ್ಲಿ ಕ್ರಿಸ್ತನು ಹಸಿದು ನಿಂತಿರುವಾಗ ಮಂದಿರದ ಪೀಠದ ಮೇಲೆ ಚಿನ್ನದ ಪಾತ್ರೆಗಳನ್ನು ತುಂಬಿದರೆ ಫಲವೇನೆಂದು ಶ್ರೀಮಂತರನ್ನು ಕೇಳಿರುವನು. ಅರಮನೆಯವರಿಗೆ ಅವನ ನಾಲಗೆಯ ಹರಿತ ಹಿಡಿಸಲಿಲ್ಲ. ೪೦೪ರಲ್ಲಿ ಅವನನ್ನು ಗಡೀಪಾರು ಮಾಡಿದರು. ೪೦೭ರಲ್ಲಿ ಆ ದೂರದೇಶದಲ್ಲಿಯೇ ತೀರಿಕೊಂಡನು.

ಅರಮನೆಯ ಪಕ್ಷವು ತನ್ನ ಮಾತನ್ನು ಕಲ್ಲು ಸುಣ್ಣಗಳಲ್ಲಿ ಕಟ್ಟಿ ತೋರಿಸಿದುದು ಜಸ್ಟಿನಿಯನ್ ಚಕ್ರವರ್ತಿಯ ಕಾಲದಲ್ಲಿ. ೫೩೨ನೆಯ ಜನವರಿಯಲ್ಲಿ ರಾಜಧಾನಿಯಲ್ಲಿ 'ನೀಕ' ಎಂಬ ಹೆಸರಿನ ಭಯಂಕರವಾದ ದಂಗೆಯೆದ್ದಿತು. ಪಟ್ಟಣದ ಮುಖ್ಯ ಮಂದಿರವು ಸುಟ್ಟು ಬೂದಿಯಾಯಿತು. ರಥಪಂದ್ಯದ ಬಯಲಿನಲ್ಲಿ ಸೇರಿದ್ದ ಜನರನ್ನು ಸೈನ್ಯವು ಕಡಿದುಹಾಕಿತು. ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಸತ್ತರೆಂದು ಸಮಕಾಲೀನನಾದ ಪ್ರೊಕೋಪಿಯಸನ ಲೆಕ್ಕ. ದಂಗೆ ಅಡಗಿ ನಲವತ್ತು ದಿನಗಳಾಗುವುದರೊಳಗೆ, ಫೆಬ್ರವರಿ ೨೩ರಂದು, ಅದೇ ಬೂದಿಯ ಮೇಲೆ ಹೊಸ ಮಂದಿರದ ಕೆಲಸ ಆರಂಭವಾಯಿತು. ಆಂಥೀಮಿಯಸ್, ಇಸಿಡೋರ್ ಎಂಬಿಬ್ಬರು ಅದರ ಶಿಲ್ಪಿಗಳು. ೫೩೭ನೆಯ ಡಿಸೆಂಬರ್ ೨೭ರಂದು ಪ್ರತಿಷ್ಠಾಪನೆಯಾದ ಆ ಮಂದಿರವೇ 'ಪವಿತ್ರ ಪ್ರಜ್ಞೆ' ಎಂಬ ಅರ್ಥದ ಹಾಗಿಯಾ ಸೋಫಿಯಾ. ೫೫೮ರಲ್ಲಿ ಅದರ ಗುಮ್ಮಟವು ಕುಸಿದುಬಿದ್ದಿತು. ಹಿಂದಿನದಕ್ಕಿಂತ ಎತ್ತರವಾಗಿ ಮತ್ತೆ ಕಟ್ಟಿ ೫೬೨ರಲ್ಲಿ ಪುನಃ ಪ್ರತಿಷ್ಠೆ ಮಾಡಿದರು. ಸುಮಾರು ನೂರಡಿ ಅಗಲದ ಈ ಗುಮ್ಮಟವು ನೆಲದಿಂದ ಸುಮಾರು ನೂರ ಎಂಬತ್ತು ಅಡಿ ಎತ್ತರದಲ್ಲಿರುವುದು. ಅದರ ಬುಡದಲ್ಲಿ ಸುತ್ತಲೂ ನಲವತ್ತು ಕಿಟಕಿಗಳಿದ್ದು, ಬೆಳಕು ಅವುಗಳೊಳಗಿಂದ ನುಗ್ಗುವಾಗ ಗುಮ್ಮಟವು ಗೋಡೆಗಳ ಮೇಲೆ ನಿಂತಂತೆ ತೋರದೆ ಆಕಾಶದಿಂದ ತೂಗುಬಿದ್ದಂತೆ ತೋರುವುದು. ಗರ್ಭಗೃಹಕ್ಕೆ ನಲವತ್ತು ಸಾವಿರ ತೂಕದ ಪೌಂಡು ಬೆಳ್ಳಿಯನ್ನು ಬಳಸಿದರೆಂದು ಪ್ರೊಕೋಪಿಯಸನು ಹೇಳಿರುವನು. ಜಸ್ಟಿನಿಯನನು ಒಳಹೊಕ್ಕು, ತಾನು ಸೊಲೊಮೋನನನ್ನು ಗೆದ್ದೆನೆಂದು ಉದ್ಗರಿಸಿದನೆಂಬುದು ಮುಂದಿನ ಕಾಲದವರ ಕಥೆ. ಆ ಕಥೆ ಹುಟ್ಟಿದುದೇ ಸ್ವಾರಸ್ಯ. ಹೊಲದ ಹೂವಿಗೆ ಸೋತವನನ್ನು ಗೆದ್ದುದರಲ್ಲಿ ಹೆಚ್ಚಳವೇನೆಂದು ಕೇಳಿದವರು ಇದ್ದಂತೆ ತೋರದು.

ಇದೇ ಕಾಲದಲ್ಲಿ, ೫೪೭ರಲ್ಲಿ, ಇಟಲಿಯ ರವೆನ್ನದಲ್ಲಿ ಸಂತ ವಿಟಾಲಿಸನ ಮಂದಿರವು ಪ್ರತಿಷ್ಠಿತವಾಯಿತು. ಬಣ್ಣದ ಗಾಜು ಮತ್ತು ಕಲ್ಲಿನ ಚೂರುಗಳನ್ನು ಗೋಡೆಗೆ ಕೂರಿಸಿ ರಚಿಸುವ ಮೊಸಾಯಿಕ್ ಚಿತ್ರಗಳಿಗೆ ಅದು ಪ್ರಸಿದ್ಧ. ಗರ್ಭಗೃಹದ ಮೇಲುಗಡೆ ಕ್ರಿಸ್ತನು ನೇರಳೆ ವಸ್ತ್ರವನ್ನು ಧರಿಸಿ ನೀಲಗೋಳದ ಮೇಲೆ ಕುಳಿತಿದ್ದಾನೆ. ದೇವದೂತರು ಪರಿಚಾರಕರಂತೆ ಪಕ್ಕದಲ್ಲಿ ನಿಂತಿದ್ದಾರೆ. ಸಂತ ವಿಟಾಲಿಸನಿಗೆ ಕಿರೀಟವನ್ನು ಕೊಡುತ್ತಿರುವನು. ಕೆಳಗಿನ ಗೋಡೆಗಳಲ್ಲಿ ಒಂದು ಕಡೆ ಜಸ್ಟಿನಿಯನ್, ಇನ್ನೊಂದು ಕಡೆ ರಾಣಿ ಥಿಯೊಡೋರಾ. ಅವರಿಗೂ ನೇರಳೆ ವಸ್ತ್ರ. ತಲೆಯ ಸುತ್ತ ಪ್ರಭಾವಳಿ. ಮೇಲಿನ ಸಭೆ ಕೆಳಗಿನದರಂತೆ, ಕೆಳಗಿನದು ಮೇಲಿನದರಂತೆ. ಆದರೂ ಚಿತ್ರಕಾರನು ಒಂದು ವಿಷಯವನ್ನು ಮರೆಯಲಿಲ್ಲ. ಚಕ್ರವರ್ತಿಯ ಕೈಯಲ್ಲಿ ಚಿನ್ನದ ತಟ್ಟೆ, ರಾಣಿಯ ಕೈಯಲ್ಲಿ ಚಿನ್ನದ ಪಾನಪಾತ್ರೆ. ಇಬ್ಬರೂ ಕಾಣಿಕೆಯನ್ನು ಹೊತ್ತು ನಡೆಯುತ್ತಿದ್ದಾರೆ. ರಾಣಿಯ ಉಡುಪಿನ ಅಂಚಿನಲ್ಲಿ ಶಿಶುವಾದ ಯೇಸುವಿಗೆ ಕಾಣಿಕೆ ತಂದ ಮೂವರು ಜ್ಞಾನಿಗಳ ಚಿತ್ರವೂ ಇದೆ. ಚಿನ್ನಕ್ಕೆ ಅಲ್ಲಿ ಸ್ಥಾನವಿರುವುದು ಅದನ್ನು ಒಪ್ಪಿಸಲು ತಂದವರ ಕೈಯಲ್ಲಿ.

ಅಂದಿನಿಂದ ಅರಮನೆಯ ವಿಧಿಗಳೂ ಮಂದಿರದ ವಿಧಿಗಳೂ ಪರಸ್ಪರ ಸಾಲ ಕೊಟ್ಟು ಕೊಂಡು ಬೆಳೆದವು. ಎರಡನೆಯ ಜಸ್ಟಿನನು (೫೬೫–೫೭೮) ಕಟ್ಟಿಸಿದ 'ಸುವರ್ಣಸಭೆ'ಯಲ್ಲಿ ಚಕ್ರವರ್ತಿಯ ಸಿಂಹಾಸನವಿದ್ದುದು ಮಂದಿರದಲ್ಲಿ ಪೂಜಾಪೀಠವಿರುವ ಪೂರ್ವದಿಕ್ಕಿನಲ್ಲಿ. ಒಂಬತ್ತನೆಯ ಶತಮಾನದಲ್ಲಿ ಅದರ ಮೇಲುಗಡೆ ಸಿಂಹಾಸನಾರೂಢನಾದ ಕ್ರಿಸ್ತನ ಚಿತ್ರ ಬೆಳಗುತ್ತಿದ್ದಿತು. ಅದೇ ಜಸ್ಟಿನನ ಕಾಲದಲ್ಲಿ ಪೂಜಾವಿಧಿಗೆ ಸೇರಿದ ಕೆರೂಬಿಯರ ಗೀತವು, ಸರ್ವಾಧಿಪತಿಯಾದ ಅರಸನು ಕಣ್ಣಿಗೆ ಕಾಣದ ದೇವದೂತರ ಗಣದೊಡನೆ ಬಿಜಯಮಾಡುವನೆಂದು ಭಾವಿಸುತ್ತದೆ. ಅಲ್ಲಿಯ ಗ್ರೀಕ್ ಶಬ್ದವೊಂದು ಈಟಿ ಹಿಡಿದ ರಾಜರಕ್ಷಕರ ಮೆರವಣಿಗೆಯನ್ನು ಸೂಚಿಸುವುದು. ಚಿತ್ರಗಳಲ್ಲಿ ಪ್ರಧಾನ ದೇವದೂತರು ಆಸ್ಥಾನದ ಉಡುಪನ್ನೇ ಧರಿಸಿದರು. ಹತ್ತನೆಯ ಶತಮಾನದಲ್ಲಿ ಏಳನೆಯ ಕಾನ್‌ಸ್ಟಂಟೈನನು ಆಸ್ಥಾನದ ವಿಧಿಗಳನ್ನೆಲ್ಲ ಒಂದು ಗ್ರಂಥವಾಗಿ ಕೂಡಿಸಿದನು. ಸೃಷ್ಟಿಕರ್ತನು ಜಗತ್ತಿಗೆ ಕೊಟ್ಟಿರುವ ಕ್ರಮಬದ್ಧವಾದ ಚಲನೆಯು ರಾಜಸಭೆಯಲ್ಲಿಯೂ ಪ್ರತಿಬಿಂಬಿಸಬೇಕೆಂಬುದು ಅದರ ಮುನ್ನುಡಿಯ ಆಶಯ.

ಇದರ ಪರಿಣಾಮವನ್ನು ಹೊರಗಿನಿಂದ ಬಂದ ಇಬ್ಬಗೆಯ ಅತಿಥಿಗಳ ಮಾತಿನಿಂದ ಅಳೆಯಬಹುದು. ೯೪೯ರಲ್ಲಿ ಇಟಲಿಯಿಂದ ರಾಯಭಾರಿಯಾಗಿ ಬಂದ ಲಿಯುಟ್‌ಪ್ರಾಂಡನು ಸಿಂಹಾಸನದ ಮುಂದೆ ಕೊಂಬೆಗಳಲ್ಲಿ ಹಕ್ಕಿಗಳು ಹಾಡುವ ಹೊಂಬಣ್ಣದ ಮರವನ್ನೂ, ನಾಲಗೆಯಾಡಿಸಿ ಗರ್ಜಿಸುವ ಯಂತ್ರಸಿಂಹಗಳನ್ನೂ ಕಂಡನು. ಮೂರು ಬಾರಿ ಅಡ್ಡಬಿದ್ದು ತಲೆಯೆತ್ತಿದಾಗ, ಕೆಳಗೆ ಕುಳಿತಿದ್ದ ಚಕ್ರವರ್ತಿಯು ಬೇರೆ ಉಡುಪನ್ನು ಧರಿಸಿ ಮೇಲ್ಛಾವಣಿಯ ಸಮೀಪದಲ್ಲಿದ್ದನು. ಮೊದಲೇ ವಿಚಾರಿಸಿ ತಿಳಿದಿದ್ದುದರಿಂದ ತನಗೆ ಭಯವೂ ಆಗಲಿಲ್ಲ, ವಿಸ್ಮಯವೂ ಆಗಲಿಲ್ಲವೆಂದು ಅವನು ಬರೆದಿರುವನು. ಕೀವ್ ನಗರದ ಅರಸ ವ್ಲಾದಿಮಿರನ ದೂತರ ಅನುಭವವೇ ಬೇರೆ. ರಷ್ಯರ ಪ್ರಾಚೀನ ವೃತ್ತಾಂತದ ಪ್ರಕಾರ ಅವರು ೯೮೭ರಲ್ಲಿ ಈ ಪಟ್ಟಣದ ಪೂಜೆಯನ್ನು ನೋಡಿ, ತಾವು ಸ್ವರ್ಗದಲ್ಲಿದ್ದೆವೋ ಭೂಮಿಯಲ್ಲಿದ್ದೆವೋ ಅರಿಯದಾದೆವೆಂದು ಅರಸನಿಗೆ ನಿವೇದಿಸಿದರು. ಮರುವರ್ಷ ಅರಸನು ದೀಕ್ಷಾಸ್ನಾನವನ್ನು ಪಡೆದನು. ಯಂತ್ರಸಿಂಹದ ಗರ್ಜನೆಗೆ ಅಲುಗದ ಮನಸ್ಸಿನವರೂ ಉಂಟು; ಪೂಜೆಯ ದೀಪಗಾನಗಳಿಗೆ ಸೋತ ಮನಸ್ಸಿನವರೂ ಉಂಟು. ಎರಡೂ ಒಂದೇ ಪಟ್ಟಣದ ವೈಭವವೇ. ಒಂದರಲ್ಲಿ ಕಣ್ಣು ಅರಸನ ಮೇಲೆ ನಿಂತಿತು. ಇನ್ನೊಂದರಲ್ಲಿ ಅರಸನನ್ನು ದಾಟಿ ಹೋಯಿತು.

ಆದರೆ ಪರಲೋಕದ ಪ್ರತಿಬಿಂಬವೆಂದು ಹೇಳಿಕೊಂಡ ಚಕ್ರವರ್ತಿಯು ಆ ಮಾತಿಗೆ ತಾನೇ ಕಟ್ಟುಬೀಳಬೇಕಾಯಿತು. ಏಳನೆಯ ಶತಮಾನದ ಕೊನೆಯಲ್ಲಿ ಎರಡನೆಯ ಜಸ್ಟಿನಿಯನನು ತನ್ನ ನಾಣ್ಯದ ಮುಂಬದಿಯಲ್ಲಿ ಕ್ರಿಸ್ತನ ಮುಖವನ್ನು ಒತ್ತಿಸಿ ಅವನನ್ನು ಆಳುವವರನ್ನಾಳುವ ಅರಸನೆಂದು ಕರೆದನು. ತನ್ನ ಚಿತ್ರಕ್ಕೆ ಹಿಂಬದಿಯನ್ನು ಬಿಟ್ಟು, ತಾನು ಕ್ರಿಸ್ತನ ಸೇವಕನೆಂದು ಬರೆಯಿಸಿದನು. ಮಹೋತ್ಸವಗಳಲ್ಲಿ ಚಕ್ರವರ್ತಿಯು ಹಾಗಿಯಾ ಸೋಫಿಯಾದ ಮುಖಮಂಟಪಕ್ಕೆ ಬಂದಾಗ, ಒಳಹೋಗುವ ಮುನ್ನ ಪರದೆಯ ಮರೆಯಲ್ಲಿ ಅವನ ಕಿರೀಟವನ್ನು ತೆಗೆಯುತ್ತಿದ್ದರೆಂದು ವಿಧಿಗ್ರಂಥದಲ್ಲಿದೆ. ಅವನು ಕೈಯಲ್ಲಿ ಹಿಡಿಯುತ್ತಿದ್ದ ರೇಷ್ಮೆಯ ಚೀಲವೊಂದರಲ್ಲಿ ಇದ್ದುದು ಮಣ್ಣು. ದೇಹವು ಮಣ್ಣಾಗುವುದೆಂಬುದನ್ನು ಮರೆಯದಿರಲೆಂದು. ಹದಿನಾಲ್ಕನೆಯ ಶತಮಾನದ ಆಸ್ಥಾನಗ್ರಂಥವೊಂದರಂತೆ, ಕ್ರಿಸ್ತನು ಶಿಷ್ಯರ ಕಾಲು ತೊಳೆದ ಗುರುವಾರದಂದು ಚಕ್ರವರ್ತಿಯು ಹನ್ನೆರಡು ಮಂದಿ ಬಡವರ ಕಾಲುಗಳನ್ನು ತೊಳೆಯುತ್ತಿದ್ದನು.

ಇವೆಲ್ಲ ಬರಿಯ ಆಚಾರಗಳಾಗಿರಬಹುದೆಂದು ವಾಚಕರು ಶಂಕಿಸಬಹುದು. ಆಚಾರಕ್ಕೆ ಜೀವ ಬಂದುದೂ ಉಂಟು. ವಿಧಿಗ್ರಂಥವನ್ನು ಕೂಡಿಸಿದ ಕಾನ್‌ಸ್ಟಂಟೈನನ ತಂದೆ ಆರನೆಯ ಲಿಯೊ (೮೮೬–೯೧೨). ಮೂವರು ಹೆಂಡಿರನ್ನು ಕಳೆದುಕೊಂಡ ಅವನು, ಹುಟ್ಟಿದ ಮಗನಿಗೆ ಹಕ್ಕು ಸಲ್ಲಬೇಕೆಂದು, ಧರ್ಮಸಭೆಯ ನಿಯಮಕ್ಕೆ ವಿರುದ್ಧವಾಗಿ ನಾಲ್ಕನೆಯ ಮದುವೆಯನ್ನು ಮಾಡಿಕೊಂಡನು. ೯೦೬ರ ಕ್ರಿಸ್ತಜಯಂತಿಯಂದೂ, ಮರುತಿಂಗಳ ಹಬ್ಬದಂದೂ ಮಹಾಧರ್ಮಾಧ್ಯಕ್ಷ ನಿಕೊಲಸನು ಮಂದಿರದ ರಾಜದ್ವಾರದಲ್ಲಿ ಅವನನ್ನು ತಡೆದನು. ಚಕ್ರವರ್ತಿಯು ಹಿಂದಿರುಗಿದನು. ನಿಕೊಲಸನು ೯೦೭ರಲ್ಲಿ ಪದಚ್ಯುತನಾದುದು ನಿಜ. ಆದರೆ ಬಾಗಿಲಲ್ಲಿ ಚಕ್ರವರ್ತಿ ತಡೆದುನಿಂತುದನ್ನು ಜನ ಕಂಡಿದ್ದರು. ಅದೇ ರಾಜದ್ವಾರದ ಮೇಲೆ ಇಂದಿಗೂ ಒಂದು ಮೊಸಾಯಿಕ್ ಚಿತ್ರವಿರುವುದು. ಶತಮಾನಗಳ ಕಾಲ ಗಾರೆಯಡಿ ಮುಚ್ಚಿದ್ದ ಅದನ್ನು ೧೯೩೧ರಲ್ಲಿ ಆರಂಭವಾದ ಶೋಧನಕಾರ್ಯದಲ್ಲಿ ಬೆಳಕಿಗೆ ತಂದರು. ಕ್ರಿಸ್ತನು ರತ್ನದ ಸಿಂಹಾಸನದಲ್ಲಿ ಕುಳಿತಿದ್ದಾನೆ; ಪ್ರಭಾವಳಿಯನ್ನೂ ಕಿರೀಟವನ್ನೂ ಧರಿಸಿದ ಚಕ್ರವರ್ತಿಯೊಬ್ಬನು ನೆಲಕ್ಕೆ ಬಾಗಿ ಕೈಚಾಚಿದ್ದಾನೆ. ಹೆಸರನ್ನು ಬರೆದಿಲ್ಲ; ಅವನು ಲಿಯೊ ಎಂದೇ ಬಹುಮಂದಿ ವಿದ್ವಾಂಸರ ಊಹೆ. ಸುವರ್ಣಸಭೆಯಲ್ಲಿ ರಾಯಭಾರಿಗಳು ಚಕ್ರವರ್ತಿಗೆ ಮಾಡುತ್ತಿದ್ದ ನಮಸ್ಕಾರವನ್ನು ಇಲ್ಲಿ ಚಕ್ರವರ್ತಿಯೇ ಮಾಡುತ್ತಿರುವನು.

ಕೊನೆಗೆ ಚಿನ್ನವು ಮುಗಿದುಹೋಯಿತು. ೧೨೦೪ರಲ್ಲಿ ಪಶ್ಚಿಮದ ಕ್ರೈಸ್ತಯೋಧರೇ ಈ ಕ್ರೈಸ್ತ ಪಟ್ಟಣವನ್ನು ಸೂರೆಗೊಂಡು, ಹಾಗಿಯಾ ಸೋಫಿಯಾದ ಬೆಳ್ಳಿಬಂಗಾರಗಳನ್ನು ಕಿತ್ತೊಯ್ದರು. ೧೨೬೧ರಲ್ಲಿ ಪಟ್ಟಣವು ಗ್ರೀಕರಿಗೆ ಮರಳಿ ಬಂದರೂ ಸಂಪತ್ತು ಮರಳಲಿಲ್ಲ. ಅಂತರ್ಯುದ್ಧದ ವೆಚ್ಚಕ್ಕಾಗಿ ರಾಣಿ ಆನಾ ೧೩೪೩ರಲ್ಲಿ ಕಿರೀಟದ ರತ್ನಗಳನ್ನು ಮೂವತ್ತು ಸಾವಿರ ಡ್ಯೂಕಟ್ ನಾಣ್ಯಗಳಿಗೆ ವೆನಿಸ್ಸಿನವರಲ್ಲಿ ಒತ್ತೆಯಿಟ್ಟಳು. ಅವನ್ನು ಬಿಡಿಸಿಕೊಳ್ಳುವುದು ಮುಂದೆಂದೂ ಆಗಲಿಲ್ಲ. ೧೩೪೬ರಲ್ಲಿ ಹಾಗಿಯಾ ಸೋಫಿಯಾದ ಪೂರ್ವದ ಕಮಾನೂ ಗುಮ್ಮಟದ ಒಂದು ಭಾಗವೂ ಬಿದ್ದುಹೋಗಿದ್ದುದರಿಂದ, ೧೩೪೭ರಲ್ಲಿ ಆರನೆಯ ಜಾನ್ ಕಾಂಟಕುಜೀನನ ಪಟ್ಟಾಭಿಷೇಕವು ಬೇರೊಂದು ಮಂದಿರದಲ್ಲಿ ನಡೆಯಿತು. ಅಂದಿನ ಕಿರೀಟದಲ್ಲಿಯೂ ಉಡುಪಿನಲ್ಲಿಯೂ ಇದ್ದುದು ಬಣ್ಣದ ಗಾಜು ಮತ್ತು ಹೊಂಬಣ್ಣದ ತೊಗಲು. ಔತಣದ ಪಾತ್ರೆಗಳು ತವರ ಮತ್ತು ಮಣ್ಣಿನವು ಎಂದು ಸಮಕಾಲೀನ ಇತಿಹಾಸಕಾರ ಗ್ರೆಗೊರಾಸನು ದುಃಖದಿಂದ ಬರೆದಿರುವನು. ೧೪೫೩ನೆಯ ಮೇ ೨೯ರಂದು ತುರ್ಕರು ಪಟ್ಟಣವನ್ನು ಹಿಡಿದರು. ಹಾಗಿಯಾ ಸೋಫಿಯಾ ಮಸೀದಿಯಾಯಿತು. ೧೯೩೫ರಲ್ಲಿ ವಸ್ತುಸಂಗ್ರಹಾಲಯವಾಗಿ, ೨೦೨೦ರಲ್ಲಿ ಮತ್ತೆ ಮಸೀದಿಯಾಗಿರುವುದು.

ಯೂಸೀಬಿಯಸನ ಸಿದ್ಧಾಂತವು ನಿಜವಾಗಿದ್ದರೆ, ಗಾಜಿನ ಕಿರೀಟದೊಡನೆ ಪರಲೋಕದ ಚಿತ್ರವೂ ಒಡೆಯಬೇಕಾಗಿದ್ದಿತು. ಕೊನೆಯ ಚಕ್ರವರ್ತಿಯೊಡನೆ ಅದೂ ಅಳಿಯಬೇಕಾಗಿದ್ದಿತು. ಹಾಗಾಗಲಿಲ್ಲ. ಅರಮನೆಯು ಕಲ್ಲುಕಂಬಗಳ ರಾಶಿಯಾದರೂ ಪೂರ್ವದ ಕ್ರೈಸ್ತರ ಹಳ್ಳಿಹಳ್ಳಿಯ ಮಂದಿರಗಳಲ್ಲಿ ಕೆರೂಬಿಯರ ಗೀತವು ನಿಲ್ಲಲಿಲ್ಲ. ಅವರ ಬಿಷಪ್ಪರ ಮುಕುಟವು ಇಂದಿಗೂ ಆ ಚಕ್ರವರ್ತಿಗಳ ಕಿರೀಟವನ್ನು ಹೋಲುವುದು. ನಾಲ್ಕು ಮೇಣದಬತ್ತಿಗಳೂ ಬಡವರ ಕಂಠವೂ ಇದ್ದ ಕಡೆಯಲ್ಲಿ ಸರ್ವಾಧಿಪತಿಯ ಮೆರವಣಿಗೆಯು ನಡೆಯುತ್ತಲೇ ಬಂದಿದೆ. ರಾಜವೈಭವವು ಆ ಜನಕ್ಕೆ ಪರಲೋಕವನ್ನು ಊಹಿಸುವ ಭಾಷೆಯನ್ನು ಕೊಟ್ಟಿತು. ಅಷ್ಟರ ಮಟ್ಟಿಗೆ ಅದರ ಋಣ ಸಣ್ಣದಲ್ಲ. ಆದರೆ ಆ ಭಾಷೆಯಲ್ಲಿ ಅರಸನ ಹೆಸರು ಉಳಿದುಬಂದುದು ಅವನು ಕಿರೀಟವನ್ನು ತೆಗೆದಿಟ್ಟ ಬಾಗಿಲಿನಲ್ಲಿ, ಕಾಣಿಕೆಯನ್ನು ಹೊತ್ತು ನಿಂತ ಗೋಡೆಯಲ್ಲಿ. ವೈಭವವನ್ನು ದೇವರಿಗೆ ಹೋಲಿಸುವ ಯಾವ ಕಾಲದವರೂ, ಯಾವ ದೇಶದವರೂ ಆ ಬಾಗಿಲನ್ನು ಒಮ್ಮೆ ನೆನೆಯುವುದು ಒಳ್ಳೆಯದು.